ಚಕ್ರದ ಮೇಲಿನ ದೇವರ ಮನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಹೇಳುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಎರಡು ಸಾವಿರದ ಹನ್ನೊಂದರ ಬೇಸಿಗೆಯೋ ಹನ್ನೆರಡರದ್ದೋ ಎಂಬಲ್ಲಿಂದಲೇ ನನ್ನ ಅನುಮಾನ ಶುರುವಾಗುತ್ತದೆ. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನ ದಿನಗಳಿಂದ ಇದೆ. ಎಂ.ಎ. ತರಗತಿಯಲ್ಲಿ ಇತಿಹಾಸದ ಮೇಷ್ಟ್ರು ಯಾವ ಆಕರವನ್ನೂ ಕಣ್ಣುಮುಚ್ಚಿ ನಂಬಬೇಡಿ ಎಂದು ಮೇಜು ಕುಟ್ಟಿ ಹೇಳುತ್ತಿದ್ದರು; ಆಕರ ನಾನೇ ಆಗಿಬಿಟ್ಟರೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ. ಆ ಹತ್ತು ದಿನಗಳ ಪ್ರವಾಸದ ಪುಟಗಳನ್ನು ಈಗ ತೆರೆದರೆ ಹೀಗಿದೆ: ‘ಸರೋವರ ನೀಲಿ. ಅಮ್ಮ ಎರಡು ಇಡ್ಲಿ ತಿಂದರು.’ ‘ಬೆಟ್ಟ ಬಂತು. ಅಮ್ಮ ಒಂದು ಚಪಾತಿ, ಅರ್ಧ ಬಾಳೆಹಣ್ಣು.’ ಓದಿದವರು ಇದನ್ನು ಆಸ್ಪತ್ರೆಯ ನರ್ಸೊಬ್ಬಳು ಬರೆದಿಟ್ಟ ಚೀಟಿ ಎಂದುಕೊಳ್ಳಬೇಕು. ನನ್ನ ಗಂಡ ರಘುವನ್ನು ಕೇಳಿದರೆ, ಜೀವನದಲ್ಲಿ ಅಂಥ ನೆಮ್ಮದಿಯ ರಜೆ ಇನ್ನೊಂದಿಲ್ಲ ಎನ್ನುತ್ತಾನೆ. ಅವನು ಹತ್ತು ದಿನವೂ ಮುಂದೆ ನೋಡಿಕೊಂಡು ಗಾಡಿ ಓಡಿಸುತ್ತಿದ್ದ. ನಡೆದದ್ದೆಲ್ಲ ಅವನ ಬೆನ್ನ ಹಿಂದೆ.

ಆ ವರ್ಷ ನನ್ನ ಅತ್ತೆ ಮೈಸೂರಿನಿಂದ ವಿಮಾನ ಹತ್ತಿ ಒಂಟಾರಿಯೋದ ಸ್ಟ್ರೀಟ್ಸ್‌ವಿಲ್‌ನ ನಮ್ಮ ಮನೆಗೆ ಮೊದಲ ಸಲ ಬಂದಿದ್ದರು. ನಾನೂ ಅವರನ್ನು ಅಮ್ಮ ಎಂದೇ ಕರೆಯುವುದು. ಅವರ ಜೊತೆ ಹೆಬ್ಬೆರಳಿನಷ್ಟು ದೊಡ್ಡ ಒಬ್ಬ ಬೆಳ್ಳಿಯ ಅಂಬೆಗಾಲು ಕೃಷ್ಣನೂ ಬಂದಿದ್ದ. ಅವನಿಗೆ ನೈವೇದ್ಯವಾಗದೆ ಅಮ್ಮ ತುತ್ತು ಎತ್ತುವುದಿಲ್ಲ. ಮದುವೆಯಾದಂದಿನಿಂದ ಒಂದು ದಿನವೂ ತಪ್ಪಿಲ್ಲವಂತೆ. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಮಾತ್ರೆ ನುಂಗಿ ಊಟ ಬಿಟ್ಟರೆ ತಲೆ ಸುತ್ತಿ ಬೀಳುತ್ತಾರೆ. ಹಾಗಾಗಿ ಕೃಷ್ಣನಿಗೆ ಮನೆಯಲ್ಲಿ ಸರಿಯಾದ ಜಾಗವಿರುವುದು ನಮಗೆ ಭಕ್ತಿಗಿಂತ ಹೆಚ್ಚಾಗಿ ವೈದ್ಯಕೀಯ ಅಗತ್ಯವಾಗಿತ್ತು. ಮುಂಬಾಗಿಲ ಪಕ್ಕದ ಆಳೆತ್ತರದ ಗೂಡನ್ನು ಅವರು ಬರುವ ವಾರ ಖಾಲಿ ಮಾಡಿ, ತೊಳೆದು, ರಂಗೋಲಿ ಸ್ಟಿಕ್ಕರ್ ಅಂಟಿಸಿ ದೇವರ ಮನೆ ಮಾಡಿಟ್ಟಿದ್ದೆ. ಅಮ್ಮ ನೋಡಿ, “ಪರವಾಗಿಲ್ಲ ಸುಮಾ, ಅಚ್ಚುಕಟ್ಟಾಗಿದೆ” ಎಂದಿದ್ದರು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅವರಿಂದ ಸಿಕ್ಕ ಮೊದಲ ಸರ್ಟಿಫಿಕೇಟು. ಅದನ್ನು ಉಳಿಸಿಕೊಳ್ಳಬೇಕೆಂಬ ಆಸೆಯೇ ನನ್ನನ್ನು ಮುಂದಿನ ಪೇಚಿಗೆ ತಳ್ಳಿತು.

ಕ್ಯಾಂಪರ್ ವ್ಯಾನಿನ ಯೋಚನೆ ರಘುವಿನದು. ಒಳಗೇ ಹಾಸಿಗೆ, ಒಲೆ, ಸಿಂಕು. ಸರೋವರ ನೋಡಿಕೊಂಡು, ಬೆಟ್ಟ ಹತ್ತಿ ಇಳಿದು, ಪೂರ್ವದ ತುದಿಯಲ್ಲಿರುವ ಗಾಸ್ಪೆಯ ಸಮುದ್ರತೀರದವರೆಗೆ ಹೋಗಿಬರುವುದು. ಎಲ್ಲ ನಿಗದಿಯಾದ ಮೇಲೆ ರಿಚ್ಮಂಡ್ ಹಿಲ್‌ನ ದೇವಸ್ಥಾನದಲ್ಲಿ ಯಾರೋ ಪುಣ್ಯಾತ್ಗಿತ್ತಿ ಅಮ್ಮನ ಕಿವಿಗೆ ಒಂದು ಮಾತು ಹಾಕಿದಳು. ಕಾರಿನಲ್ಲಿ ವಾಪಸು ಬರುವಾಗ ಅಮ್ಮ ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು:

“ಆ ವ್ಯಾನಲ್ಲಿ ಒಲೆ ಪಕ್ಕದಲ್ಲೇ ಕಕ್ಕಸು ಇರತ್ತಂತೆ, ನಿಜವೇನೋ ರಘು?”

“ಸ್ವಲ್ಪ ದೂರ ಇರತ್ತಮ್ಮ,” ಎಂದ ರಘು.

“ಎಷ್ಟು ದೂರ?”

ರಘು ಎಂಜಿನಿಯರು. ಅಳತೆ ಕೇಳಿದರೆ ಸುಳ್ಳು ಹೇಳಲು ಬಾರದು. “ಮೂರಡಿ,” ಎಂದುಬಿಟ್ಟ.

“ಹಾಗಾದ್ರೆ ನೀವು ಹೋಗಿ ಬನ್ನಿ. ನಾನು ಮನೇಲಿ ಅವಲಕ್ಕಿ ನೆನೆಸ್ಕೊಂಡು ಇರ್ತೀನಿ.”

ಸಕ್ಕರೆ ಕಾಯಿಲೆಯ ಅತ್ತೆಯನ್ನು ಹತ್ತು ದಿನ ಒಬ್ಬರನ್ನೇ ಬಿಟ್ಟು ಹೋಗುವಂತಿಲ್ಲ. ಪ್ರವಾಸ ರದ್ದಾದರೆ ಎಂಟು ವರ್ಷದ ಮಗಳು ಇಳಾ ಮನೆಯನ್ನು ಮನೆಯಾಗಿ ಉಳಿಸುವುದಿಲ್ಲ. ಆಗ ನಾನು ಹಿಂದಿನ ಸೀಟಿನಿಂದ, “ಅದಿಲ್ಲದ ವ್ಯಾನೂ ಸಿಗತ್ತಮ್ಮ” ಎಂದೆ. ಇದು ಸುಳ್ಳಲ್ಲ, ಗಮನಿಸಿ. ಸಿಗುತ್ತದೆ. ನಾವು ತೆಗೆದುಕೊಂಡದ್ದು ಅದಲ್ಲ, ಅಷ್ಟೆ.

ಹೊರಡುವ ಹಿಂದಿನ ದಿನ ರಘು ಒಂದು ಹಲಗೆ ಕತ್ತರಿಸಿ ವ್ಯಾನಿನ ಆ ಪುಟ್ಟ ಕಕ್ಕಸು ಕೋಣೆಯ ಪೀಠದ ಮೇಲೆ ಗಟ್ಟಿಯಾಗಿ ಕೂರಿಸಿದ. ಹಲಗೆಯ ಉಪಾಯ ನನ್ನದೆಂದು ಅವನು, ಅವನದೆಂದು ನಾನು, ಇಂದಿಗೂ ವಾದವಿದೆ. ನಾನು ಅದರ ಮೇಲಿಂದ ನೆಲ ಮುಟ್ಟುವಂತೆ ಬಿಳಿ ಬೆಡ್‌ಶೀಟು ಇಳಿಬಿಟ್ಟೆ. ಅಲ್ಲಿ ಅಕ್ಕಿ ಚೀಲ, ಹೊದಿಕೆ ಇಡುವುದು, ಬಾಗಿಲು ಹಾಕುವುದು, ಹತ್ತು ದಿನ ಕ್ಯಾಂಪ್‌ಗ್ರೌಂಡಿನ ವಾಶ್‌ರೂಮುಗಳಲ್ಲೇ ಕಾಲ ಹಾಕುವುದು ಎಂದು ತೀರ್ಮಾನವಾಯಿತು. ಇಳಾಗೂ ಹೇಳಿಕೊಟ್ಟೆವು. “ಸೋ ವಿ ಆರ್ ಲೈಯಿಂಗ್ ಟು ಅಜ್ಜಿ?” ಎಂದಳು. “ಇಲ್ಲ ಪುಟ್ಟಾ, ಹೇಳ್ತಾ ಇಲ್ಲ, ಅಷ್ಟೆ” ಎಂದೆ. ಅವಳು ನನ್ನನ್ನು ನೋಡಿದ ರೀತಿ ದಿನಚರಿಯಲ್ಲಿಲ್ಲ. ಅದನ್ನು ಮಾತ್ರ ನಾನು ಮರೆತಿಲ್ಲ.

ಮೊದಲ ದಿನ ಒಂಟಾರಿಯೋ ಸರೋವರದ ದಂಡೆಯಲ್ಲಿ ಗಾಡಿ ನಿಲ್ಲಿಸಿದಾಗ ನಾನೂ ರಘುವೂ ಇಳಿದು ಐದು ನಿಮಿಷ ನೀರು ನೋಡುತ್ತ ನಿಂತೆವು. ವಾಪಸು ಬಂದಾಗ ಅಕ್ಕಿ ಚೀಲ ಒಲೆಯ ಬಳಿ ನಿಂತಿತ್ತು. ಹೊದಿಕೆಗಳು ಹಾಸಿಗೆಯ ಮೇಲಿದ್ದವು. ಪುಟ್ಟ ಕೋಣೆಯ ಬಾಗಿಲು ತೆರೆದಿತ್ತು. ಬಿಳಿ ಬೆಡ್‌ಶೀಟಿನ ಮೇಲೆ ಕೆಂಪು ರೇಷ್ಮೆ ಚೂರು, ಅದರ ಮೇಲೆ ಕೃಷ್ಣ. ಪಕ್ಕದಲ್ಲಿ ಇಳಾ, ಬಾಯಿಯ ಮೇಲೆ ಎರಡೂ ಕೈ ಇಟ್ಟುಕೊಂಡು.

“ಎಂಥಾ ಜಾಗ ಇಟ್ಕೊಂಡು ಅಕ್ಕಿ ಮೂಟೆ ತುಂಬಿದ್ಯಲ್ಲೇ ಸುಮಾ!” ಎಂದರು ಅಮ್ಮ, ಮುಖ ಅರಳಿಸಿ. “ಬೇರೆ ಬಾಗಿಲು, ಎತ್ತರಕ್ಕೆ ಪೀಠ, ಗಾಳಿಯಾಡಕ್ಕೆ ಮೇಲೊಂದು ಕಿಟಕಿ. ಅಭಿಷೇಕಕ್ಕೆ ನಲ್ಲಿ ಬೇರೆ ಕೊಟ್ಟಿದಾನೆ. ಈ ವ್ಯಾನು ಮಾಡಿದೋನು ಯಾರೋ ನಮ್ಮೋನೇ ಇರಬೇಕು.”

ರಘು ಕೆಮ್ಮುತ್ತ ಡ್ರೈವರ್ ಸೀಟಿಗೆ ಹೋದ. ಇಳಾ ಕೈ ತೆಗೆದು, “ಬಟ್ ಅಜ್ಜಿ, ದಟ್ಸ್ ದ...” ಎನ್ನುವಷ್ಟರಲ್ಲಿ ನಾನು ಅವಳ ಬಾಯಿಗೆ ದ್ರಾಕ್ಷಿ ತುರುಕಿದೆ.

ಅಲ್ಲಿಂದ ಶುರುವಾಯಿತು ನನ್ನ ಪಹರೆ. ಹೇಳಿಬಿಟ್ಟರೆ ಅಮ್ಮ ಊಟ ಬಿಡುತ್ತಾರೆ; ಮನೆಯಿಂದ ನೂರಾರು ಮೈಲಿ ದೂರದಲ್ಲಿ, ಫ್ರೆಂಚ್ ಮಾತ್ರ ಬರುವ ಯಾವುದೋ ಹಳ್ಳಿಯಲ್ಲಿ ಅವರು ಕುಸಿದರೆ ಡಾಕ್ಟರಿಗೆ ನಾನು ಏನೆಂದು ವಿವರಿಸಲಿ? ಹೇಳದಿದ್ದರೆ ಕೃಷ್ಣ ಅಲ್ಲೇ ಇರುತ್ತಾನೆ. ದಿನವೂ ಬೆಳಿಗ್ಗೆ ಪಾಪಪ್ರಜ್ಞೆಯಿಂದ ಕೈ ಮುಗಿದೆ. ಅಮ್ಮ ದೀಪ ಹಚ್ಚಲು ಹೋದಾಗ ರಘು ಗ್ಯಾಸಿನ ಭಯ ಹೇಳಿ ಬ್ಯಾಟರಿ ದೀಪ ಇಟ್ಟುಕೊಟ್ಟ. ತಿರುವಿನಲ್ಲಿ ವ್ಯಾನು ವಾಲಿದರೆ ಎಲ್ಲರೂ ಕಿಟಕಿಯಾಚೆ ಪ್ರಪಾತ ನೋಡುತ್ತಿದ್ದರು, ನಾನು ಬೆಡ್‌ಶೀಟು ಸರಿಯಿತೇನೋ ಎಂದು ನೋಡುತ್ತಿದ್ದೆ. ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ಪಕ್ಕದ ಗಾಡಿಯ ಹೆಂಗಸು ಒಳಗೆ ನೋಡಬಹುದೇ ಎಂದು ನಗುತ್ತ ಬಂದಳು. ನಾನು ಬಾಗಿಲಿಗೆ ಅಡ್ಡ ನಿಂತು, ಮಗಳಿಗೆ ಚಿಕನ್‌ಪಾಕ್ಸ್ ಎಂದೆ. ಹಿಂದಿನಿಂದ ಇಳಾ, “ನೋ ಐ ಡೋಂಟ್!” ಎಂದು ಕೂಗಿದಳು. ಆ ಹೆಂಗಸು ನಮ್ಮ ಪಕ್ಕದಿಂದ ತನ್ನ ಗಾಡಿಯನ್ನೇ ತೆಗೆದುಕೊಂಡು ಹೋದಳು.

ಆರನೆಯ ದಿನವಿರಬೇಕು, ಸಮುದ್ರ ಬಂತು. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ನೇರ ನೀರು, ನಡುವೆ ರಸ್ತೆ. ಆ ರಸ್ತೆಯನ್ನು ಅಲ್ಲಿ ಅಗೆದಿದ್ದರು. ಬಾವುಟ ಹಿಡಿದ ಹೆಂಗಸು ನಮ್ಮನ್ನು ನಿಲ್ಲಿಸಿದಳು. ಹಿಂದೆ ಇಪ್ಪತ್ತು ಗಾಡಿಗಳು ಸಾಲುಗಟ್ಟಿದವು. ಕಾಲು ಗಂಟೆಯಾಯಿತು. ಇಳಾ ಬೆಳಿಗ್ಗೆಯಿಂದ ಆಪಲ್ ಜ್ಯೂಸಿನ ಮೂರು ಡಬ್ಬಿ ಮುಗಿಸಿದ್ದಳು.

“ಅಮ್ಮ, ಐ ಹ್ಯಾವ್ ಟು ಗೋ.”

“ಸ್ವಲ್ಪ ತಡ್ಕೋ ಕಂದಾ.”

“ಐ ಕಾಂಟ್!”

“ಹೊರಗೆ ಕರ್ಕೊಂಡು ಹೋಗೇ,” ಎಂದ ರಘು ಮುಂದಿನಿಂದ.

“ಎಲ್ಲಿಗೆ? ಸಮುದ್ರಕ್ಕಾ?”

ಮರವಿಲ್ಲ, ಪೊದೆಯಿಲ್ಲ. ಇಳಾ ಒಂದೇ ಕಾಲಿನ ಮೇಲೆ ಕುಣಿಯುತ್ತ ಪುಟ್ಟ ಬಾಗಿಲನ್ನು ನೋಡಿದಳು. ನಾನೂ ನೋಡಿದೆ. ಅದರ ಪಕ್ಕದಲ್ಲೇ ಜಪಮಣಿ ಹಿಡಿದು ಕೂತಿದ್ದ ಅಮ್ಮ ನಮ್ಮಿಬ್ಬರನ್ನೂ ನೋಡಿದರು. ಮಗು ಅಳತೊಡಗಿತು. ಹೇಳಿಬಿಡುವುದೇ ಸರಿ ಎಂದು ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಅಮ್ಮ ಎದ್ದರು. ಬಾಗಿಲು ತೆರೆದು ಕೃಷ್ಣನನ್ನು ಎತ್ತಿಕೊಂಡರು. ರೇಷ್ಮೆ ಚೂರು ಮಡಿಸಿ ಸೊಂಟಕ್ಕೆ ಸಿಕ್ಕಿಸಿದರು. ಬ್ಯಾಟರಿ ದೀಪವನ್ನು ನನ್ನ ಕೈಗೆ ಕೊಟ್ಟು, ಮುಂದೆ ಹೋಗಿ ರಘುವಿನ ಪಕ್ಕದ ಸೀಟಿನಲ್ಲಿ ಕೂತರು.

“ನಾನು ಜಪ ಮಾಡ್ತೀನಿ,” ಎಂದರು, ತಿರುಗಿ ನೋಡದೆ. “ಗಾಡಿ ಹೊರಡೋ ತನಕ ಕಣ್ಣು ಬಿಡಲ್ಲ. ಯಾರ್ಯಾರಿಗೆ ಏನೇನು ಕೆಲಸ ಇದ್ಯೋ ಅಷ್ಟರಲ್ಲಿ ಮುಗಿಸ್ಕೊಳಿ.”

ನಾನು ಹಲಗೆ ಎತ್ತಿದೆ. ಅಷ್ಟು ಸದ್ದು ಮಾಡುವ ಹಲಗೆಯನ್ನು ನಾನು ಮತ್ತೆ ಕಂಡಿಲ್ಲ.

ಗಾಡಿ ಹೊರಟ ಮೇಲೆ ಅಮ್ಮ ಕೃಷ್ಣನನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, “ಪಾಪ, ಆರು ದಿನ ಒಳಗೇ ಕೂತು ಏನು ನೋಡ್ದ ಇವನು? ಇನ್ಮೇಲೆ ಇಲ್ಲೇ ಇರ್ಲಿ” ಎಂದರು. ಮಧ್ಯಾಹ್ನ ಸಮುದ್ರದ ಪಕ್ಕ ನಿಲ್ಲಿಸಿ ಚಿತ್ರಾನ್ನ ಕಲೆಸಿದೆ, ಮೂರಡಿಯಾಚೆಯ ಅದೇ ಒಲೆಯ ಮೇಲೆ. ಅಮ್ಮ ಡ್ಯಾಶ್‌ಬೋರ್ಡಿಗೆ ನೈವೇದ್ಯ ತೋರಿಸಿ ತಟ್ಟೆ ಹಿಡಿದು ಕೂತರು. ರಘು ಕೂಡ ಮೊದಲ ಸಲ ಹಿಂದೆ ತಿರುಗಿ ಕೂತಿದ್ದ. ಅವರು ಅನ್ನವನ್ನು ಬೆರಳಲ್ಲಿ ಒಂದು ಸುತ್ತು ಆಡಿಸಿದರು. ತುತ್ತು ಮಾಡಿದರು. ತಿಂದರು.

“ಉಪ್ಪು ಕಮ್ಮಿ,” ಎಂದರು.

ದಿನಚರಿಯಲ್ಲಿ ಅಂದಿನ ಪುಟ: ‘ಸಮುದ್ರ ಬಂತು. ಚಿತ್ರಾನ್ನಕ್ಕೆ ಉಪ್ಪು ಕಮ್ಮಿ.’ ಇತಿಹಾಸದ ಮೇಷ್ಟ್ರು ಹೇಳಿದ್ದು ಸುಮ್ಮನೆ ಅಲ್ಲ.

ಉಳಿದ ನಾಲ್ಕು ದಿನ ಅಮ್ಮ ಆ ಬಾಗಿಲಿನ ಸುದ್ದಿಯೆತ್ತಲಿಲ್ಲ. ಮನೆಗೆ ಬಂದ ಮೇಲೂ ಇಲ್ಲ. ಬೈಗುಳಕ್ಕೆ ಕಾದು ಕಾದು ನಾನೇ ಸೋತೆ. ಮೈಸೂರಿಗೆ ಹೊರಡುವ ವಾರ ಒಂದು ಬೆಳಿಗ್ಗೆ ಅವರು ನಮ್ಮ ದೇವರ ಮನೆಯ ಮುಂದೆ ಬತ್ತಿ ಹೊಸೆಯುತ್ತ ಕೂತಿದ್ದಾಗ ಪಕ್ಕದಲ್ಲಿ ಹೋಗಿ ಕೂತು ಕೇಳಿಯೇಬಿಟ್ಟೆ:

“ಅಮ್ಮಾ, ವ್ಯಾನಿನ ಆ ಕೋಣೆ ಏನು ಅಂತ ನಿಮಗೆ ಯಾವತ್ತು ಗೊತ್ತಾಯ್ತು? ಆವತ್ತೇನಾ, ಇಲ್ಲಾ ಮೊದಲನೇ ದಿನಾನೇನಾ?”

ಅಮ್ಮ ಬತ್ತಿ ಹೊಸೆದು ಮುಗಿಸಿದರು. ಗೂಡಿನೊಳಗೆ ಒಮ್ಮೆ ಮೇಲೆ ನೋಡಿದರು; ನಾನು ಗಂಟೆ ನೇತುಹಾಕಿದ್ದ ಕೋಟಿನ ಕೊಕ್ಕೆಗಳ ಸಾಲು ಅಲ್ಲಿತ್ತು. ಆಮೇಲೆ ಕೆಳಗೆ ನೋಡಿದರು. ಎಷ್ಟು ಉಜ್ಜಿದರೂ ಹೋಗದ, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು ಬಿಟ್ಟುಹೋದ ಬಿಳಿಯ ಕಲೆ, ಬೂಟಿನ ಅಂಚಿನ ಆಕಾರದಲ್ಲಿ.

“ಈ ಗೂಡಲ್ಲಿ ಮೊದಲು ಏನಿಡ್ತಿದ್ರಿ ಸುಮಾ?”

ಒಲೆಯ ಮೇಲೆ ಹಾಲಿದೆ ಎಂದು ನಾನು ಎದ್ದು ಹೋದೆ. ಹಾಲಿರಲಿಲ್ಲ. ಆಮೇಲೂ ಒಂದೆರಡು ಭಾನುವಾರ ಫೋನಿನಲ್ಲಿ ಅದೇ ಪ್ರಶ್ನೆ ಕೇಳಿದ್ದೇನೆ. ಪಕ್ಕದ ಮನೆಯ ಕುಕ್ಕರಿನ ಸೀಟಿ ಎಣಿಸಬಲ್ಲ ಅಮ್ಮನಿಗೆ ಆಗ ಮಾತ್ರ ಲೈನು ಸರಿಯಾಗಿ ಕೇಳಿಸುವುದಿಲ್ಲ. ಉತ್ತರ ಇನ್ನೂ ಬಂದಿಲ್ಲ. ಅವರು ಕೇಳಿದ್ದಕ್ಕೆ ನಾನೂ ಕೊಟ್ಟಿಲ್ಲ.