ಮೊಲದ ಎಡಗಾಲು

ಶನಿವಾರ ಬೆಳಿಗ್ಗೆ ಎಂಟಕ್ಕೆ ಪತ್ರಿಕೆ ತರಲು ಗೇಟಿನವರೆಗೆ ಹೋದ ತನೆಲಿ ಕಾಲು ಜಾರಿ ಬಿದ್ದ. ಬಿದ್ದದ್ದು ದೊಡ್ಡ ಸಂಗತಿಯಲ್ಲ. ಹಗಲು ಹಿಮ ಕರಗಿ ರಾತ್ರಿ ಹೆಪ್ಪುಗಟ್ಟುವ ಮಾರ್ಚ್ ತಿಂಗಳಲ್ಲಿ ಹಾವಿಲಂಪಿ ಊರಿನಲ್ಲಿ ಬೀಳದವರೆಂದರೆ ತೊಟ್ಟಿಲ ಕೂಸುಗಳು ಮಾತ್ರ. ಆದರೆ ಮೂವತ್ತು ವರ್ಷ ಮಂಜುಗಡ್ಡೆಯ ಮೇಲೇ ಹೊಟ್ಟೆ ಹೊರೆದವನು ತನ್ನ ಮನೆಯ ಗೇಟಿನ ಮುಂದೆ, ಮನೆಚಪ್ಪಲಿಯಲ್ಲಿ ಅಂಗಾತ ಬೀಳುವುದೆಂದರೆ ಮರ್ಯಾದೆಯ ಪ್ರಶ್ನೆ. ಎದ್ದು ತಡವಿಕೊಂಡ. ತಲೆ ಇತ್ತು, ಪತ್ರಿಕೆಯೂ ಇತ್ತು. ಎಡಗಾಲು ಮಾತ್ರ ಸೊಂಟದ ಕೀಲಿನಿಂದ ಕೆಳಗೆ ಬೇರೆ ಯಾರದೋ ಎಂಬಂತೆ ಮಡಚಲು ಒಪ್ಪಲಿಲ್ಲ.

ತನೆಲಿ ಊರಿನ ಐಸ್ ಹಾಕಿ ತಂಡದ ಗೋಲ್‌ಕೀಪರ್ ಕೋಚ್. ತಂಡದ ಹೆಸರು ಮೊಲಗಳು. ಮುಖ್ಯ ಕೋಚ್ ಕೂಗಾಡುತ್ತಾನೆ. ಅವನು ಕೂಗಿದ್ದನ್ನು ಸಹಾಯಕ ಕೋಚ್ ಮೆತ್ತಗೆ ಮಾಡಿ ಆಟಗಾರರಿಗೆ ಹೇಳುತ್ತಾನೆ. ಗೋಲ್‌ಕೀಪರ್ ಕೋಚ್ ಮಾತ್ರ ಗೋಲು ಬಿದ್ದಾಗಷ್ಟೇ ಜನರ ನೆನಪಿಗೆ ಬರುತ್ತಾನೆ. ಅವನಿಗೆ ಶಿಷ್ಯನೂ ಒಬ್ಬನೇ. ಆ ಒಬ್ಬನ ಮಂಡಿ, ಮಣಿಕಟ್ಟು, ನಿದ್ದೆ, ಊಟ, ಮುಖ್ಯವಾಗಿ ತಲೆ, ಎಲ್ಲವನ್ನೂ ಕಾಯುವುದು ಅವನ ಕೆಲಸ. ದಿನವೂ ಅವನತ್ತ ಇನ್ನೂರು ಸಲ ಪಕ್ ಎಂಬ ರಬ್ಬರ್ ಬಿಲ್ಲೆ ಹೊಡೆದು ಅಭ್ಯಾಸ ಮಾಡಿಸುವುದೂ ಅವನ ಕೆಲಸವೇ.

ಹಾಗೆ ಹೊಡೆಯಲು ಸೊಂಟ ಬೇಕು. ಮುಖ್ಯ ಕೋಚ್ ತೈಸ್ತೊ ಫೆಬ್ರವರಿಯಲ್ಲೇ ಎಲ್ಲರೆದುರಿಗೆ, ಮುಂದಿನ ವರ್ಷಕ್ಕೆ ತನಗೆ ಮಂಜಿನ ಮೇಲೆ ಓಡಾಡುವ ಕೋಚ್ ಬೇಕೇ ಹೊರತು ಕಂಬವಲ್ಲ ಎಂದಿದ್ದ. ತನೆಲಿಯ ಒಪ್ಪಂದ ಏಪ್ರಿಲ್‌ಗೆ ಮುಗಿಯುತ್ತಿತ್ತು. ಆ ಶನಿವಾರ ಸಂಜೆ ಐದಕ್ಕೆ ಕುರ್ಕಿವೇಸಿ ತಂಡದ ಜೊತೆ ಏಳನೆಯ, ಕೊನೆಯ ಪಂದ್ಯ. ಸರಣಿ ಮೂರು–ಮೂರರಲ್ಲಿ ನಿಂತಿತ್ತು. ಸೋತರೆ ಊರಿಗೆ ಊರೇ ಮುಂದಿನ ಚಳಿಗಾಲದವರೆಗೆ ಮುಖ ಸಿಂಡರಿಸಿಕೊಂಡಿರುತ್ತದೆ. ಇಂಥ ದಿನ ಕಾಲು ಹೋಯಿತೆಂದು ಯಾರಿಗಾದರೂ ಹೇಳಲಾದೀತೇ?

ಹಾಗಾಗಿ ಅವನು ಔಷಧಿ ಅಂಗಡಿಗೆ ಹೋಗಿ ಕೌಂಟರಿನ ಮೇಲೆ ಬಾಗಿ, "ಎಡಗಾಲು ಮಡಚೋಕೇ ಆಗ್ತಿಲ್ಲ. ಸಂಜೆ ಪಂದ್ಯ ಇದೆ. ಕೋಚ್‌ಗೆ ಗೊತ್ತಾಗ್ಬಾರ್ದು. ಏನಾದ್ರೂ ಗಟ್ಟಿ ಮಾತ್ರೆ ಕೊಡಿ" ಎಂದು ಪಿಸುಗುಟ್ಟಿದ. ಆ ಊರಿನ ಅಂಗಡಿಗಳಲ್ಲಿ ಯಾರೂ ಮಾತಾಡುವುದಿಲ್ಲವಾದ್ದರಿಂದ ಪಿಸುಮಾತೂ ಡಂಗುರವೇ. ಅವನ ಹಿಂದೆ, ಶಿಸ್ತಾಗಿ ಎರಡು ಮಾರು ದೂರದಲ್ಲಿ, ಪಕ್ಕದ ಮನೆಯ ಲೆಂಪಿ ನಿಂತಿದ್ದಳು. ಮೂವತ್ತೈದು ವರ್ಷ ಊರಿಗೆಲ್ಲ ಅಂಚೆ ಹಂಚಿ ನಿವೃತ್ತಳಾದವಳು. ಈಗ ಕಾಗದವಿಲ್ಲದೆಯೇ ಸುದ್ದಿ ಮುಟ್ಟಿಸುತ್ತಿದ್ದಳು.

ಲೆಂಪಿ ಅವನನ್ನು ಕನಿಕರದಿಂದ ನೋಡಿ ತಲೆಯಾಡಿಸಿದಳು. ತನೆಲಿಯೂ ತಲೆಯಾಡಿಸಿದ. ಅಷ್ಟಕ್ಕೇ ಅನಾಹುತ ಆಗಿಹೋಗಿತ್ತು.

ಹತ್ತು ಗಂಟೆಗೆ ಅವನು ಕ್ರೀಡಾಂಗಣ ತಲುಪುವಷ್ಟರಲ್ಲಿ ಮಂಜಿನ ಅಂಗಳ ನುಣುಪು ಮಾಡುವ ಯಂತ್ರದ ಚಾಲಕ ಯಂತ್ರವನ್ನೇ ನಿಲ್ಲಿಸಿ, ಓಕ್ಕೊನ ಎಡಗಾಲು ಹೋಗಿದೆಯಂತಲ್ಲ, ನಿಜವೇ ಎಂದು ಕೇಳಿದ. ಓಕ್ಕೊ ಎಂದರೆ ಗೋಲ್‌ಕೀಪರ್, ಇಪ್ಪತ್ತೆರಡರ ಹುಡುಗ. ತನೆಲಿಯ ಆ ಒಬ್ಬನೇ ಶಿಷ್ಯ. ಪಕ್‌ಗೆ ಎದೆ ಕೊಡುವ ಧೈರ್ಯವಿತ್ತು, ಆದರೆ ಯಾರಾದರೂ ‘ಯಾಕೋ ಸಪ್ಪಗಿದ್ದೀಯ’ ಎಂದರೆ ಜ್ವರ ಬರಿಸಿಕೊಳ್ಳುವಂಥವನು. ತನೆಲಿ ಲೆಕ್ಕ ಹಾಕಿದ. ಕಾಲು ನನ್ನದು ಎಂದರೆ ತನ್ನ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಶಿಷ್ಯನ ತಲೆ ಕೆಡುತ್ತದೆ. ನಡುವೆ ಸಿಕ್ಕಿದ ಸುಳ್ಳನ್ನೇ ಹಿಡಿದುಕೊಂಡು, "ಓಕ್ಕೊದಲ್ಲಪ್ಪ, ನಮ್ಮತ್ತೆ ಕಾಲು" ಎಂದ.

ಅತ್ತೆ ಹಿಲ್ಕಗೆ ಎಪ್ಪತ್ತೆಂಟು. ದಿನವೂ ಜಾರುಹಲಗೆ ಕಟ್ಟಿಕೊಂಡು ಹಿಮದ ಮೇಲೆ ಹತ್ತು ಕಿಲೋಮೀಟರ್ ಜಾರಿಹೋಗಿ ಬರುವ ಗಟ್ಟಿ ಹೆಂಗಸು. ಅವಳ ಹೆಸರೆತ್ತಿದ ಮೇಲೆ ತನೆಲಿಗೆ ಒಂದು ಗಂಟೆಯಷ್ಟು ನೆಮ್ಮದಿ ಸಿಕ್ಕಿತು.

ಆ ಗಂಟೆ ಅಭ್ಯಾಸದ್ದು. ಬೆಂಚಿನ ಹತ್ತಿರ ತೈಸ್ತೊ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತ ನಗುತ್ತಿದ್ದ. ಪಂದ್ಯದ ದಿನ ಅವನು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ತನೆಲಿ ಎರಡು ಮಾತ್ರೆ ನುಂಗಿ ಸ್ಕೇಟು ಕಟ್ಟಿಕೊಂಡು ನಿಂತ. ನಿಂತ ಎಂದರೆ ನಿಂತೇ ಬಿಟ್ಟ, ನೆಟ್ಟ ಗೂಟದಂತೆ. ನಿಂತಲ್ಲಿಂದಲೇ ಓಕ್ಕೊನತ್ತ ಪಕ್‌ಗಳನ್ನು ತಳ್ಳಿದ. ಸೊಂಟ ತಿರುಗದ ಕಾರಣ ಓಕ್ಕೊನ ಎಡಕ್ಕೆ ಹೋಗಬೇಕಾದವು ಬಾತುಕೋಳಿಯ ಮರಿಗಳಂತೆ ತೇಲುತ್ತಾ ಹೋದವು. ಮೇಲೆ ಪ್ರೇಕ್ಷಕರ ಸಾಲಿನಲ್ಲಿ ಕಾಫಿ ಕುಡಿಯುತ್ತಾ ಕುಳಿತಿದ್ದ ನಿವೃತ್ತರ ಗುಂಪು ಒಬ್ಬರ ಮುಖ ಒಬ್ಬರು ನೋಡಿತು. ಎಡಗಡೆಗೆ ಎಷ್ಟು ಮೆತ್ತಗೆ ಹೊಡೆಯುತ್ತಿದ್ದಾನೆ, ಹುಡುಗನ ಕಾಲು ಉಳಿಸುತ್ತಿದ್ದಾನೆ ಎಂದು ಅವರಲ್ಲೇ ತೀರ್ಮಾನವಾಯಿತು. ಗಂಟೆ ಹನ್ನೆರಡಾಗುವುದರೊಳಗೆ ಊರ ಬಾಯಲ್ಲಿ ಓಕ್ಕೊನ ಮಂಡಿ ಊದಿತ್ತು, ಹನ್ನೆರಡೂವರೆಗೆ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಹಾವಿಲಂಪಿಯಲ್ಲಿ ಅಂದು ಮೊಲಕ್ಕೆ ಮೂರೇ ಕಾಲು ಎನ್ನದವನೇ ಇರಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದಳು. ಕೈಯಲ್ಲಿ ಹಿಮಜಾರುವ ಎರಡು ಕೋಲುಗಳಿದ್ದವು, ಮುಖದಲ್ಲಿ ನಗುವಿರಲಿಲ್ಲ.

"ಅಳಿಯಂದ್ರೇ, ಬೆಳಿಗ್ಗೆಯಿಂದ ಮೂರು ಜನ ನನಗೆ ಏಲಕ್ಕಿ ಬನ್ನು ತಂದುಕೊಟ್ಟು ಕಣ್ಣೊರೆಸಿಕೊಂಡು ಹೋದ್ರು. ನಾಲ್ಕನೆಯವನು ‘ನಿಮಗಿನ್ಯಾಕೆ ಬೇಕು’ ಅಂತ ನನ್ನ ಜಾರುಹಲಗೆ ಕೊಳ್ಳೋಕೆ ಬಂದಿದ್ದ. ನನ್ನ ಕಾಲಿಗೆ ಏನಾಗಿದೆ ಅಂತ ಸ್ವಲ್ಪ ನನಗೂ ಹೇಳ್ತೀರಾ?"

ಹಿಲ್ಕ ಉತ್ತರಕ್ಕೆ ಕಾಯಲಿಲ್ಲ. ಕಾಫಿ ಗುಂಪಿನ ಎದುರಿಗೇ ಐದು ಬಸ್ಕಿ ಹೊಡೆದು, ಎದ್ದು, ಕೋಲುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟುಹೋದಳು. ಅತ್ತೆಯ ಕಾಲು ಸರಿಯಿದೆ ಎಂದಮೇಲೆ ಕೆಟ್ಟದ್ದು ಓಕ್ಕೊನದೇ ಎಂದು ಸಾಕ್ಷಿಸಮೇತ ಸಾಬೀತಾಯಿತು. ಒಂದು ಗಂಟೆಗೆ ಊರಿನ ಪತ್ರಿಕೆಯ ಜಾಲತಾಣದಲ್ಲಿ ‘ಓಕ್ಕೊ ಎಡಗಾಲು?’ ಎಂಬ ತಲೆಬರಹ ಬಂತು. ಆ ಪ್ರಶ್ನೆಚಿಹ್ನೆಯನ್ನು ಯಾರೂ ಓದಲಿಲ್ಲ.

ಸಹಾಯಕ ಕೋಚ್ ಯಾಲ್ಮರಿ ಅರ್ಧರ್ಧ ಗಂಟೆಗೊಮ್ಮೆ ಬಂದು ಸಲಹೆ ಕೊಟ್ಟ. ಮೊದಲು ಕಿರಿಯರ ತಂಡದ ಗೋಲ್‌ಕೀಪರನ್ನು ಇಳಿಸೋಣವೆಂದ. ಆಮೇಲೆ ರಕ್ಷಣೆಯವರೆಲ್ಲ ಎಡಗಡೆಯೇ ನಿಲ್ಲಲಿ ಎಂದ. ಕೊನೆಗೆ ತನ್ನ ಚಿಕ್ಕಮ್ಮ ಹೇಳಿದ ಕರಡಿ ಕೊಬ್ಬಿನ ಮುಲಾಮನ್ನೇ ತಂದುಕೊಟ್ಟ. ತೈಸ್ತೊಗೆ ಹೇಳಿದೆಯಾ ಎಂದು ತನೆಲಿ ಕೇಳಿದ. ಹೇಳಿದೆ, ಅವನು ಮೀನಿನ ಸಾರು ಕುಡಿಯುತ್ತಾ ‘ಹೂಂ’ ಎಂದನಷ್ಟೆ ಎಂದ ಯಾಲ್ಮರಿ. ತೈಸ್ತೊ ಕೂಗಾಡದ್ದು ಇಬ್ಬರಿಗೂ ಭಯ ಹುಟ್ಟಿಸಿತು.

ಮುಲಾಮನ್ನು ತನೆಲಿ ಶೌಚಾಲಯದಲ್ಲಿ ತನ್ನ ಸೊಂಟಕ್ಕೇ ಹಚ್ಚಿಕೊಂಡ. ಅಲ್ಲಿಂದ ಹೊರಬರುವಾಗ ಟಿಕೆಟ್ ಸಾಲಿನಲ್ಲಿ ಲೆಂಪಿ ಕಂಡಳು. ಅವನಿಗೆ ತಡೆಯಲಾಗಲಿಲ್ಲ. ನಿನ್ನ ಬಾಯಿ ತೂತುಬಿದ್ದ ಅಂಚೆಚೀಲ ಎಂದುಬಿಟ್ಟ. ಲೆಂಪಿಯ ಮುಖ ಕೆಂಪಾಯಿತು.

"ನಾನು ಓಕ್ಕೊ ಹೆಸರೇ ಎತ್ತಿಲ್ಲ, ತನೆಲಿ. ನಿನ್ನ ಮೇಲೆ ಮರುಕಪಟ್ಟಿದ್ದೇ ನನ್ನ ತಪ್ಪು."

ಅವನು ನಂಬಲಿಲ್ಲ. ನಂಬುವ ಹೊತ್ತೂ ಅದಲ್ಲ. ನಾಲ್ಕು ಗಂಟೆಗೆ ಉಡುಪಿನ ಕೋಣೆಗೆ ಹೋದರೆ ಓಕ್ಕೊ ಎಡಗಾಲನ್ನು ಬೆಂಚಿನ ಮೇಲೆ ಚಾಚಿ, ಅದರ ಮೇಲೆ ಮಂಜುಗಡ್ಡೆಯ ಚೀಲ ಇಟ್ಟುಕೊಂಡು ಗೋಡೆ ನೋಡುತ್ತಿದ್ದ.

"ನೋಯ್ತಿದೆ" ಎಂದ.

"ಎಲ್ಲಿ?"

"ಎಲ್ರೂ ಹೇಳ್ತಾ ಇರೋ ಕಡೆ."

"ನಿನ್ನೆ ನೋವಿತ್ತಾ?"

"ಇಲ್ಲ. ನಿನ್ನೆ ಯಾರೂ ಹೇಳಿರ್ಲಿಲ್ಲ."

ತನೆಲಿ ಬಾಗಿಲು ಮುಚ್ಚಿದ. ಆ ಹುಡುಗನನ್ನು ಅವನು ಹದಿನೈದನೆಯ ವಯಸ್ಸಿನಿಂದ ತಿದ್ದಿದವನು. ಸೋತ ರಾತ್ರಿಗಳಲ್ಲಿ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು, ಒಂದು ಮಾತೂ ಆಡದೆ, ಕೆರೆಗೊಂದು ಸುತ್ತು ಹಾಕಿಸಿ ಮನೆಗೆ ಬಿಟ್ಟವನು. ಇಂದು ಇವನು ಹೀಗೇ ಅಂಗಳಕ್ಕಿಳಿದರೆ ಮೊದಲ ಹತ್ತು ನಿಮಿಷದಲ್ಲಿ ನಾಲ್ಕು ಗೋಲು ಖಂಡಿತ. ತನೆಲಿಗೆ ಒಪ್ಪಂದ ನೆನಪಾಯಿತು, ಮನೆಯ ಕಂತು ನೆನಪಾಯಿತು, ಆಮೇಲೆ ಯಾವುದೂ ನೆನಪಾಗಲಿಲ್ಲ.

"ಹೋಗಿರೋದು ನಿನ್ನ ಕಾಲಲ್ಲ ಕಣೋ. ನನ್ನದು. ಬೆಳಿಗ್ಗೆ ಗೇಟ್ ಹತ್ರ ಬಿದ್ದೆ."

ಓಕ್ಕೊ ನಂಬಲಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀರ" ಎಂದ.

ಬೇರೆ ದಾರಿಯಿರಲಿಲ್ಲ. ಎರಡೂ ಮಂಡಿ ಊರಿ, ಕಾಲುಗಳನ್ನು ಎರಡು ಕಡೆಗೆ ಚಾಚಿ ಗೋಲು ಮುಚ್ಚುವ ಭಂಗಿಯನ್ನು ತನೆಲಿ ಅವನಿಗೆ ಏಳು ವರ್ಷ ಕಲಿಸಿದ್ದ. ಈಗ ತಾನೇ ಮಾಡಿ ತೋರಿಸಲು ಹೋದ. ಬಲಮಂಡಿ ನೆಲ ಮುಟ್ಟಿತು. ಎಡಗಾಲು ರೈಲ್ವೆ ಗೇಟಿನ ಅಡ್ಡಪಟ್ಟಿಯಂತೆ ನೆಟ್ಟಗೆ ಮುಂದಕ್ಕೆ ನಿಂತಿತು. ಒಂದು ಕ್ಷಣ ತೂಗಾಡಿ, ಉರುಳಿ, ಬೆವರು ನಾರುವ ಪ್ಯಾಡುಗಳ ರಾಶಿಯೊಳಗೆ ತಲೆಯಡಿಯಾಗಿ ಹೋಗಿಬಿಟ್ಟ. ಕರಡಿ ಕೊಬ್ಬಿನ ವಾಸನೆ ಕೋಣೆಯೆಲ್ಲ ತುಂಬಿತು.

ಓಕ್ಕೊ ನಕ್ಕ. ಆ ವರ್ಷವೆಲ್ಲ ಕೂಡಿಟ್ಟದ್ದನ್ನು ಒಂದೇ ಸಲ ಖರ್ಚು ಮಾಡುವಂತೆ ನಕ್ಕ. ಮಂಜಿನ ಚೀಲ ಬಿಸಾಕಿ, ಎರಡೂ ಕಾಲುಗಳ ಮೇಲೆ ಎದ್ದು, ಗುರುವನ್ನು ಪ್ಯಾಡುಗಳ ನಡುವಿನಿಂದ ಹೊರಗೆಳೆದ. ಯಾರಿಗೂ ಹೇಳಬೇಡ ಎಂದು ತನೆಲಿ ಬೇಡಿಕೊಂಡ. ಹೇಳುವುದಿಲ್ಲ ಎಂದು ಓಕ್ಕೊ ಮಾತುಕೊಟ್ಟ. ಮತ್ತೆ ಸ್ವಲ್ಪ ಯೋಚಿಸಿ, ಊರಿಗೆಲ್ಲ ಗೊತ್ತಾದದ್ದು ಕುರ್ಕಿವೇಸಿಯವರಿಗೂ ಗೊತ್ತಾಗಿರಬೇಕಲ್ಲವೇ ಎಂದು ಕೇಳಿದ.

ಗೊತ್ತಾಗಿತ್ತು. ಪಂದ್ಯ ಶುರುವಾದ ಗಳಿಗೆಯಿಂದ ಕುರ್ಕಿವೇಸಿಯವರು ಕಣ್ಣಿಗೆ ಪಟ್ಟಿ ಕಟ್ಟಿದ ಕುದುರೆಗಳಂತೆ ಓಕ್ಕೊನ ಎಡಗಡೆ, ಕೆಳಗೆ, ಅಲ್ಲಿಗೇ ಹೊಡೆದರು. ಬಲಗಡೆ ಬಾಗಿಲು ತೆರೆದಿಟ್ಟಂತೆ ಜಾಗ ಇದ್ದಾಗಲೂ ಎಡಗಡೆಗೇ ಹೊಡೆದರು. ಪಕ್ ಎಲ್ಲಿಗೆ ಬರುತ್ತದೆಂದು ಮೊದಲೇ ಗೊತ್ತಿದ್ದರೆ ಗೋಲ್‌ಕೀಪರ್‌ಗೆ ಉಳಿಯುವ ಕೆಲಸವೆಂದರೆ ಅಲ್ಲಿ ಹೋಗಿ ಕೂರುವುದು. ಓಕ್ಕೊ ಹೋಗಿ ಕೂತ. ಮೂವತ್ತೆಂಟು ಹೊಡೆತಗಳಲ್ಲಿ ಮೂವತ್ತೊಂದು ಅವನ ಎಡಗಾಲಿಗೇ ಬಂದು ಬಡಿದವು. ಮೇಲೆ ಪ್ರೇಕ್ಷಕರ ನಡುವೆ ನಿಂತಿದ್ದ ತನೆಲಿ ಪ್ರತಿ ಹೊಡೆತಕ್ಕೂ ತನ್ನ ಎಡಗಾಲನ್ನೇ ಹಿಡಿದುಕೊಂಡ. ಮೂರನೆಯ, ಕೊನೆಯ ಅವಧಿಯಲ್ಲಿ ಮೊಲಗಳು ಹೇಗೋ ಒಂದು ಗೋಲು ಹೊಡೆದವು. ಆಟಗಾರರ ಬೆಂಚಿನ ಬಾಗಿಲು ಕಾಯುತ್ತಿದ್ದ ಯಾಲ್ಮರಿ ಸಂತೋಷದಲ್ಲಿ ಬಾಗಿಲನ್ನು ತನ್ನ ಬೆರಳ ಮೇಲೇ ಮುಚ್ಚಿಕೊಂಡ. ಒಂದು–ಸೊನ್ನೆ.

ಗಂಟೆ ಬಾರಿಸಿದ್ದೇ ಊರಿನ ಅಭಿಪ್ರಾಯ ಬದಲಾಯಿತು. ಕಾಲು ಕೆಟ್ಟೇ ಇರಲಿಲ್ಲವೆಂದೂ ಇಡೀ ಸುದ್ದಿ ತನೆಲಿ ಹೂಡಿದ ಆಟವೆಂದೂ ಕಾಫಿ ಗುಂಪು ಘೋಷಿಸಿತು. ಔಷಧಿ ಅಂಗಡಿಯಲ್ಲಿ ಬೇಕೆಂದೇ ಕೇಳಿಸುವಂತೆ ಪಿಸುಗುಟ್ಟಿದ್ದು, ಅಭ್ಯಾಸದಲ್ಲಿ ಎಡಕ್ಕೆ ಮೆತ್ತಗೆ ಹೊಡೆದದ್ದು, ಅತ್ತೆಯನ್ನು ಕರೆಸಿ ಬಸ್ಕಿ ಹೊಡೆಸಿದ್ದು, ಎಂಥ ನರಿಬುದ್ಧಿ ಎಂದು ಕೊಂಡಾಡಿತು. ತಮಗೆ ಬೆಳಿಗ್ಗೆಯೇ ಗೊತ್ತಿತ್ತು ಎನ್ನುವುದನ್ನೂ ಸೇರಿಸಿತು. ತನೆಲಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಹೊಗಳಿಕೆ ಅವನ ವೃತ್ತಿಯಲ್ಲಿ ಹತ್ತು ವರ್ಷಕ್ಕೊಮ್ಮೆ ಬೀಳುವ ಫಲ. ಕೆಳಗೆ ಬಿದ್ದದ್ದನ್ನು ಬೇಡ ಎನ್ನುವಷ್ಟು ಶ್ರೀಮಂತ ಅವನಾಗಿರಲಿಲ್ಲ. ಜನ ಬೆನ್ನು ತಟ್ಟಿದರು, ಕೈಗೆ ಬಿಯರ್ ಕೊಟ್ಟರು. ಒಪ್ಪಂದ ಇನ್ನೆರಡು ವರ್ಷ ಖಂಡಿತ ಎಂದುಕೊಂಡು ಅವನು ತೈಸ್ತೊನ ಕೋಣೆಗೆ ಕುಂಟುತ್ತಾ, ಆದರೆ ನಗುತ್ತಾ ಹೋದ.

ತೈಸ್ತೊ ಟೈ ಬಿಚ್ಚುತ್ತಿದ್ದ. ಕೂರು ಎಂದ. ತನೆಲಿ ನಿಂತೇ ಇರುತ್ತೇನೆ ಎಂದ.

"ಗೊತ್ತು, ಕೂರೋಕಾಗಲ್ಲ ನಿಂಗೆ" ಎಂದ ತೈಸ್ತೊ. "ಬೆಳಿಗ್ಗೆ ಒಂಬತ್ತಕ್ಕೇ ಲೆಂಪಿ ಫೋನ್ ಮಾಡಿದ್ಳು. ಪಾಪ, ತನೆಲಿ ಕಾಲು ಹೋಗಿದೆ, ಇವತ್ತು ಅವನ ಕೈಲಿ ಜಾಸ್ತಿ ಕೆಲಸ ಮಾಡಿಸ್ಬೇಡಿ ಅಂತ. ಆ ಹೆಂಗಸು ಒಂದು ದಿನಾನೂ ತಪ್ಪು ವಿಳಾಸಕ್ಕೆ ಏನನ್ನೂ ಮುಟ್ಟಿಸಿದವಳಲ್ಲ. ವಿಳಾಸ ಬದಲಾಯಿಸಿದ್ದು ನಾನು. ಓಕ್ಕೊ ಕಾಲು ಅಂತ ಯಂತ್ರದವನಿಗೆ ಒಂದು ಮಾತು ಹೇಳಿದೆ, ಪತ್ರಿಕೆಯವರಿಗೊಂದು ಫೋನ್. ಮಿಕ್ಕಿದ್ದೆಲ್ಲ ನೀನೇ ಮಾಡ್ದೆ, ಚೆನ್ನಾಗಿ ಮಾಡ್ದೆ."

"ಓಕ್ಕೊ ಹೆದರಿಕೊಂಡು ಕೂತಿದ್ದ. ಅವನು ಹಾಗೇ ಇಳಿದಿದ್ರೆ ಏನು ಗತಿ?" ಎಂದ ತನೆಲಿ.

"ಅವನು ಹೆದರಿದ್ರೆ ನೀನು ಹೋಗಿ ನಿಜ ಹೇಳೇ ಹೇಳ್ತೀಯ ಅಂತ ನಂಗೆ ಗೊತ್ತಿತ್ತು. ಗೋಲ್‌ಕೀಪರ್ ಕೋಚ್ ಅಂತ ಇಟ್ಕೊಳ್ಳೋದು ಮತ್ಯಾತಕ್ಕೆ?"

ಅದು ಇಷ್ಟು ವರ್ಷಗಳಲ್ಲಿ ತೈಸ್ತೊ ಆಡಿದ ಅತ್ಯಂತ ಒಳ್ಳೆಯ ಮಾತು. ತನೆಲಿಯ ಕಣ್ಣು ತೇವವಾಯಿತು. ಇದೇ ಸಮಯವೆಂದು ಒಪ್ಪಂದದ ಮಾತೆತ್ತಿದ.

ತೈಸ್ತೊ ಟೈಯನ್ನು ನಿಧಾನವಾಗಿ ಸುರುಳಿ ಸುತ್ತಿದ. "ಈಗಷ್ಟೇ ಕ್ಲಬ್ಬಿನ ಅಧ್ಯಕ್ಷೆ ಬಂದಿದ್ರು. ಭಾರೀ ಖುಷಿ ಅವರಿಗೆ. ಈ ಉಪಾಯ ಯಾರದು ಅಂತ ಕೇಳಿದ್ರು. ನಂದು, ಯಾರದೋ ಕಾಲನ್ನ ಓಕ್ಕೊಗೆ ಹಚ್ಚಿದೆ ಅಂದೆ. ನಿಜಾನೇ ತಾನೆ? ಅಲ್ಲೇ ನನಗೆ ಇನ್ನೆರಡು ವರ್ಷ ಕೊಟ್ರು."

"ಒಳ್ಳೇದಾಯ್ತು" ಎಂದ ತನೆಲಿ.

"ಆಮೇಲೆ ಹೊರಟವರು ಬಾಗಿಲ ಹತ್ರ ನಿಂತು, ಹಾಗಾದ್ರೆ ನಿಜವಾಗ್ಲೂ ಹೋಗಿರೋ ಕಾಲು ಯಾರದು ಅಂತ ಕೇಳಿದ್ರು." ತೈಸ್ತೊ ಸುರುಳಿಯನ್ನು ಜೇಬಿಗೆ ಹಾಕಿಕೊಂಡ. "ಅಧ್ಯಕ್ಷೆ ಹತ್ರ ಸುಳ್ಳು ಹೇಳೋಕಾಗುತ್ತೇನೋ ಮಾರಾಯ?"

ಏಪ್ರಿಲ್‌ವರೆಗಷ್ಟೇ ಕೆಲಸವಿದ್ದ ತನೆಲಿ ಹೊರಗೆ ಬಂದ. ಮೆಟ್ಟಿಲ ಕೆಳಗೆ ಅರ್ಧ ಊರು ಹಾಡುತ್ತಾ ಕಾದಿತ್ತು. ಆ ದಿನದ ಮಹಾ ಚತುರನನ್ನು ಕಂಡದ್ದೇ ನಾಲ್ವರು ನುಗ್ಗಿ ಹೆಗಲ ಮೇಲೆತ್ತಿಕೊಂಡರು. ಅವನು ಬೇಡ ಎನ್ನಲಿಲ್ಲ. ಹೇಗೂ ಕಾರು ನಿಲ್ಲಿಸಿದ ಜಾಗ ದೂರವಿತ್ತು.