ಗೋಪುರದ ಮುಂದೆ ಗೋಪುರದ ಪಟ

ನಮ್ಮ ಸುಮಿತ್ರೆಯ ಮಗಳು, ಅಂದರೆ ನನ್ನ ಮೊದಲ ಮೊಮ್ಮಗಳು, ಇವತ್ತು ಬೆಳಿಗ್ಗೆ ನಮ್ಮ ತಾರಸಿಯ ಮೇಲಿಂದ ರಂಗನಾಥನ ಗೋಪುರ ನೋಡಿದಳು. ಕಣ್ಣರಳಿಸಿ ನೋಡಿದಳೋ ಆಕಳಿಸುತ್ತಾ ನೋಡಿದಳೋ ಅಂತ ಕೇಳಬೇಡಿ, ನೋಡಿದಳು. ಆ ಸಂತೋಷಕ್ಕೆ ಬೀದಿಯವರಿಗೆಲ್ಲ ಸಕ್ಕರೆ ಹಂಚಿದ್ದೇನೆ, ನಮ್ಮ ಜೊತೆ ಮಾತು ಬಿಟ್ಟಿರುವ ಮೂಲೆಮನೆಯವರಿಗೂ. ಮಗು ಹುಟ್ಟಿದ್ದಕ್ಕೆ ಕುಣಿಯುವವರುಂಟು, ಗೋಪುರ ಕಂಡಿದ್ದಕ್ಕೆ ಕುಣಿಯುವುದೇನು ಅನ್ನುತ್ತೀರಾ? ಶ್ರೀರಂಗಪಟ್ಟಣದಲ್ಲೇ ಕೂತು ಗೋಪುರ ಕಾಣದ ಸಂಕಟ ನಿಮಗೆ ಗೊತ್ತಿಲ್ಲ, ಅಷ್ಟೆ.

ನಮ್ಮ ಆಚಾರಿಗಳ ಮನೆಯಲ್ಲಿ ಒಂದು ಪದ್ಧತಿ. ಹಸಿ ಬಾಣಂತಿ, ಎಳೆ ಕೂಸು ಗುಡಿಗೆ ಹೋಗುವಂತಿಲ್ಲವಲ್ಲ, ಅದಕ್ಕೇ ತೊಟ್ಟಿಲಿಗೆ ಹಾಕುವ ದಿನ ಮಗುವನ್ನು ತಾರಸಿಗೆ ಒಯ್ದು ಗೋಪುರದ ಕಳಸ ತೋರಿಸುತ್ತೇವೆ. ತೋರಿಸುವವರು ಮನೆಯವರಾಗಿರಬಾರದು, ಹೊರಗಿನವರಾಗಿರಬೇಕು. ಮಗು ನಿಮ್ಮೊಬ್ಬರದೇ ಅಲ್ಲ, ಊರಿನದೂ ಹೌದು ಅಂತ ನಮ್ಮತ್ತೆ ಹೇಳುತ್ತಿದ್ದರು. ಸುಮಿತ್ರೆಯನ್ನು ಬಳೆಗಾರರ ತಾತ ಎತ್ತಿ ತೋರಿಸಿದ್ದರು. ಅವಳು ಅವರ ಹೊಸ ಶಲ್ಯದ ಮೇಲೆ ಮಾಡಬಾರದ್ದನ್ನು ಮಾಡಿದ್ದಳು. ಪಾಪ, ಅದನ್ನೂ ಆಶೀರ್ವಾದ ಅಂದುಕೊಂಡು ಹೋದರು.

ಈ ಸಲ ಮಗಳನ್ನು ಬಾಣಂತನಕ್ಕೆ ಕರೆತರುವ ಹೊತ್ತಿಗೆ, ಮುಂದಿನ ಬೀದಿಯ ಲಾಡ್ಜಿನ ಪುಟ್ಟರಾಜು ತನ್ನ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಅಡ್ಡಡ್ಡ ಫ್ಲೆಕ್ಸು ಕಟ್ಟಿದ್ದ. ಗೋಪುರ ಮಾಯ. ಹೊಟ್ಟೆ ಉರಿಯುವ ವಿಷಯ ಇನ್ನೂ ಇದೆ. ಫ್ಲೆಕ್ಸಿನ ಮೇಲೆ ಬರೆಸಿದ್ದು ‘ಗೋಪುರ ಕಾಣುವ ರೂಮುಗಳು ದೊರೆಯುತ್ತವೆ’ ಅಂತ. ಪಕ್ಕದಲ್ಲಿ ಗೋಪುರದ್ದೇ ಬಣ್ಣದ ಪಟ. ಇರುವ ಗೋಪುರಕ್ಕೆ ಗೋಪುರದ ಪಟ ಹೊದಿಸಿದ ಬುದ್ಧಿವಂತನನ್ನು ನಾನು ಇಷ್ಟು ವಯಸ್ಸಿಗೆ ಕಂಡಿರಲಿಲ್ಲ.

ನಮ್ಮ ಬಚ್ಚಲ ಗೋಡೆ ಮಳೆಗೆ ಕುಸಿದಾಗ, ಹಳೇ ಗುಡಿಯ ಹತ್ತಿರ ಒಂದು ಇಟ್ಟಿಗೆ ಇಡಬೇಕಾದರೂ ಅಪ್ಪಣೆ ಬೇಕು ಅಂತ ಪುರಾತತ್ವ ಇಲಾಖೆಯವರು ಅಂದಿದ್ದರು. ಅಪ್ಪಣೆ ಬರುವತನಕ ಸೀರೆ ಅಡ್ಡ ಕಟ್ಟಿಕೊಂಡು ನೀರು ಹಾಕಿಕೊಂಡೆವು. ನಾನು ಗೊಣಗಲಿಲ್ಲ. ಈ ಕಟ್ಟುನಿಟ್ಟು ಇರುವುದರಿಂದಲೇ ಗೋಪುರ ಎಲ್ಲರಿಗೂ ಕಾಣುತ್ತದೆ ಅಂತ ಸಮಾಧಾನ ಮಾಡಿಕೊಂಡೆ. ಹಾಗಾದರೆ ಫ್ಲೆಕ್ಸಿಗೆ? ಅವರ ಕಚೇರಿಗೇ ಹೋಗಿ ಕೇಳಿದೆ. ಅಲ್ಲಿದ್ದವನು ಫ್ಯಾನಿನ ಕೆಳಗೆ ಕೂತು, “ಅಜ್ಜಿ, ಅದು ಕಟ್ಟಡ ಅಲ್ಲ, ಬೋರ್ಡು” ಅಂದ.

“ಕಟ್ಟಡ ಅಲ್ಲದಿದ್ರೆ ಅದ್ರ ಹಿಂದೆ ಇರೋದು ಯಾಕಪ್ಪ ಕಾಣಕ್ಕಿಲ್ಲ?” ಅಂದೆ. ಅವನು ಫ್ಯಾನು ಜೋರು ಮಾಡಿದ.

ಪುಟ್ಟರಾಜುವನ್ನೇ ಕೇಳಿದರೆ, “ನನ್ ಬಿಲ್ಡಿಂಗು, ನನ್ ಬೋರ್ಡು. ಗೋಪುರ ನೋಡ್ಬೇಕಂದ್ರೆ ರೋಡಿಗೋಗಿ ನೋಡಿ ಅಜ್ಜಿ” ಅಂದ. ಮನೆಗೆ ಬಂದರೆ, ಕೆ.ಆರ್. ಪೇಟೆಯಿಂದ ಬಂದಿದ್ದ ಬೀಗಿತ್ತಿ ತಾರಸಿ ನೋಡಿಕೊಂಡು ಬಂದು, “ಆ ಪಟನೇ ತೋರ್ಸ್‌ಬುಡಿ ಬೀಗಿತ್ತೇ, ಮಗೀಗೇನು ಗೊತ್ತಾಯ್ತದೆ?” ಅಂದರು.

“ಅಂಗಾರೆ ಹಾಲು ಕುಡ್ಸೋ ಬದ್ಲು ಹಸುವಿನ ಪಟ ತೋರ್ಸುಮಾ?” ಅಂದೆ. ಬೀಗಿತ್ತಿ ಅವತ್ತು ನನ್ನ ಕೈಯ ಕಾಫಿ ಕುಡಿಯಲಿಲ್ಲ.

ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ ಕುಂಕುಮದ ಬಟ್ಟಲು ಹಿಡಿದು ಮತ್ತೆ ಲಾಡ್ಜಿಗೆ ಹೋದೆ. “ನಮ್ ಮಗೀಗೆ ಗೋಪುರ ತೋರ್ಸೋ ಶಾಸ್ತ್ರ. ನೀನೇ ಬಂದು ಎತ್ಕಬೇಕು ಕಣಪ್ಪಾ” ಅಂದೆ. ಪುಟ್ಟರಾಜು ಉಬ್ಬಿಹೋದ.

ಇವತ್ತು ಪಂಚೆ ಉಟ್ಟು, ಮಗುವಿಗೆ ಬೆಳ್ಳಿ ಕಾಲ್ಗೆಜ್ಜೆ ತಂದ. ತಾರಸಿಯಲ್ಲಿ ಮಗುವನ್ನು ಎತ್ತಿಕೊಂಡು ತಿರುಗಿ, “ಅಗೋ ನೋಡವ್ವಾ” ಅಂತ ಕೈ ಚಾಚಿದ. ಕೈ ಅಲ್ಲೇ ನಿಂತಿತು. ಎದುರಿಗೆ ಅವನದೇ ಫ್ಲೆಕ್ಸು, ಅವನದೇ ಫೋನ್ ನಂಬರು.

“ನಂಬರು ತೋರಿಸ್ತಾವ್ರೆ. ಮಗು ರೂಮು ಬುಕ್ ಮಾಡ್ಬೇಕೇನೋ” ಅಂದರು ಬೀಗಿತ್ತಿ. ಅವರ ಕಾಫಿಯ ಸಿಟ್ಟನ್ನು ನಾನು ಆ ಕ್ಷಣವೇ ಮರೆತೆ.

ಮಗು ಪುಟ್ಟರಾಜುವಿನ ಬೆರಳು ಹಿಡಿದುಕೊಂಡಿತ್ತು. ಅವನು ಅದನ್ನು ಬಿಡಿಸಿಕೊಳ್ಳದೆ ಇನ್ನೊಂದು ಕೈಯಲ್ಲಿ ಫೋನು ತೆಗೆದು, “ಲೇ ಶಿವು, ಮ್ಯಾಕ್ಕೆ ಹತ್ತಿ ಫ್ಲೆಕ್ಸು ಬಿಚ್ಲಾ. ಯಾಕೆ ಅಂತ ಆಮ್ಯಾಕೆ ಹೇಳ್ತೀನಿ, ಮೊದ್ಲು ಅಗ್ಗ ಕುಯ್ಯಿ” ಅಂದ. ಫ್ಲೆಕ್ಸು ಜಾರಿತು. ಕಬ್ಬಿಣದ ಚೌಕಟ್ಟಿನೊಳಗೆ ಗೋಪುರ, ಕಳಸ, ಅದರ ಮೇಲೆ ನಾಲ್ಕಾರು ಗಿಳಿ. ಚೌಕಟ್ಟನ್ನೂ ತೆಗೆಸುತ್ತಾನಂತೆ. ತೆಗೆಸುವತನಕ ನಾನೂ ಬಿಡುವುದಿಲ್ಲ.

ಸಾಯಂಕಾಲ ನಮ್ಮ ಯಜಮಾನರು ಕೈಮುಗಿಯಲು ತಾರಸಿಗೆ ಹೋದರು. ಬೆಳಿಗ್ಗೆ ಅವರು ಕೆಳಗೆ ತೊಟ್ಟಿಲು ಕಟ್ಟುವುದರಲ್ಲಿದ್ದರು. ಈಗ ಸಪ್ಪೆ ಮುಖ ಮಾಡಿಕೊಂಡು ಇಳಿದು ಬಂದು, “ಲೇ, ಗೋಪುರ ಎಲ್ಲೋಯ್ತು?” ಅಂದರು. “ಇಷ್ಟು ದಿನ ಬಣ್ಣಬಣ್ಣವಾಗಿ ಎಷ್ಟು ಚೆಂದಾಗಿ ಕಾಣ್ತಿತ್ತು. ನೀನು ಕಾಣಕ್ಕಿಲ್ಲ ಕಾಣಕ್ಕಿಲ್ಲ ಅಂತ ಕೂಗಾಡ್ತಿದ್ರೆ, ಇವಳಿಗೆ ತಲೆ ಕೆಟ್ಟದೆ ಅಂದ್ಕಂಡಿದ್ದೆ. ಇವತ್ತು ಬರೀ ಮಂಜು.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸುಮಿತ್ರೆ ಮಾತ್ರ ನಗಲಿಲ್ಲ. “ಅವ್ವಾ, ಅಪ್ಪನ ಕಣ್ಣಿಗೆ ಪೊರೆ ಬಂದದೆ. ಊರೋರ ಕಣ್ಣಿಗೆ ಅಡ್ಡ ಬಂದಿದ್ದು ಕಾಣ್ತು, ಇದು ನಿಂಗೆ ಕಾಣ್ನಿಲ್ವಾ?”

ಮರಗೆಲಸದ ಉಳಿ ಮುಟ್ಟದೆ ಜಗುಲಿಯಲ್ಲಿ ಕೂರುತ್ತಿದ್ದ ಮನುಷ್ಯನನ್ನು ಸೋಮಾರಿ ಅಂತ ಬೀದಿಗೆಲ್ಲ ಸಾರಿದವಳು ನಾನು. ನಾಳೆ ಅವರನ್ನು ಕಣ್ಣಾಸ್ಪತ್ರೆಗೆ ಕರೆದೊಯ್ಯುವುದೆಂದಾಯಿತು.

ರಾತ್ರಿ ಬೀಗರು, ಮಗಳು, ಅಳಿಯ, ನಾವು ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ಯಜಮಾನರು ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳಲು ಬಟ್ಟಲಿಗಾಗಿ ನೆಲ ತಡವುತ್ತಿದ್ದರು. ನಾನು ಅದನ್ನು ಅವರ ಕೈಗೆ ಸರಿಸಿದೆ.