ಕೆಂಪು ಎಣ್ಣೆಗಿಂಡಿ

ಬಿಂದುಮಾಧವನ ಇಪ್ಪತ್ತೆರಡು ವರ್ಷದ ಕಾರಿನಲ್ಲಿ, ಸ್ಟೇರಿಂಗಿನ ಹಿಂದೆ, ಅಂಟಿಸಿದ ಪುಟ್ಟ ಹನುಮಂತನ ಪಾದದ ಕೆಳಗೇ ಒಂದು ಕೆಂಪು ಬೆಳಕಿತ್ತು. ಆಕಾರ ಉದ್ದ ಮೂತಿಯ ಎಣ್ಣೆಗಿಂಡಿಯದು, ಮೂತಿಯ ತುದಿಗೊಂದು ಹನಿ. ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಬಿದ್ದಿದೆ ಎಂಬ ಎಚ್ಚರಿಕೆ ಅದು. ಒಂದು ತಿಂಗಳಿಂದ ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಕಣ್ಣು ಹೊಡೆಯುತ್ತಿತ್ತು. ಆ ಶನಿವಾರ ಬೆಳಿಗ್ಗೆ, ಗೋಪನಕೊಪ್ಪದ ಮನೆಯ ಮುಂದೆ ಕಾರು ಚಾಲೂ ಮಾಡಿದ್ದೇ ತಡ, ಹತ್ತಿ ಕೂತುಬಿಟ್ಟಿತು. ಆರಲೊಲ್ಲದು. ಜೊತೆಗೆ ಎಂಜಿನ್ನಿನೊಳಗೆ ಯಾರೋ ಖಾರ ಕುಟ್ಟುತ್ತಿರುವಂಥ ಸದ್ದು.

ಹೆಂಡತಿ ವೃಂದಾ ಬಾಗಿಲಿಗೆ ಬಂದಳು.

“ಸಂಜಿ ಐದಕ್ಕ ಧಾರವಾಡದಾಗ ನಿಮ್ಮ ಮಗಳು ಚಿನ್ಮಯೀದು ಮೊದಲನೇ ಹಾಡಿನ ಕಛೇರಿ. ಮೌಶಿನ್ನ ಹೊತ್ತಿಗೆ ಸರಿಯಾಗಿ ಮುಟ್ಟಿಸಿದ್ರ ಈ ಗಾಡಿ ಉಳೀತದ. ಇಲ್ಲಾಂದ್ರ ನಾಳೆ ಗುಜರಿ. ನೆನಪಿರ್ಲಿ!”

ಹೋದ ವರ್ಷ ಈ ಕಾರು ಧಾರವಾಡದ ದಾರಿಯಲ್ಲಿ, ರಾಯಾಪುರದಲ್ಲಿ ಕೆಟ್ಟು ನಿಂತು, ಬಿಂದುಮಾಧವನ ಚಿಕ್ಕಮ್ಮ ತಾರಾಬಾಯಿ ಮೌಶಿ ಟೆಂಪೋದಲ್ಲಿ ಹೂಕೋಸಿನ ಚೀಲಗಳ ನಡುವೆ ಮಹಾರಾಣಿಯಂತೆ ಕೂತು ಧಾರವಾಡ ಪ್ರವೇಶಿಸಿದ್ದಳು. ಅಂದಿನಿಂದ ಕಾರಿನ ನೆರಳಿಗೂ ನಿಲ್ಲುತ್ತಿರಲಿಲ್ಲ. ಆದರೆ ಒಂದು ತಿಂಗಳಿಂದ ಏನಾಯಿತೋ, ಪ್ರತಿ ಶನಿವಾರ ತಾನಾಗಿಯೇ ಮುಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಕೈ ಮುಗಿದುಕೊಂಡು ಗುಡಿಗೆ ಹೋಗಿಬರುತ್ತಿದ್ದಳು. ತನ್ನ ಡ್ರೈವಿಂಗಿಗೆ ಹೆದರಿ ಕೈ ಮುಗಿಯುತ್ತಾಳೆಂದು ಬಿಂದುಮಾಧವ ಬೇಸರಪಟ್ಟುಕೊಂಡಿದ್ದ.

ಪಕ್ಕದ ಮನೆಯ ಉದಯಕುಮಾರ ಅಷ್ಟರಲ್ಲಿ ಬಾನೆಟ್ ಎತ್ತಿಯಾಗಿತ್ತು. ಓಣಿಯಲ್ಲಿ ಯಾರ ಗಾಡಿಯ ಬಾನೆಟ್ಟಾದರೂ ಅವನಿಗೆ ಸ್ವಂತ ಮನೆಯ ಬಾಗಿಲಿದ್ದಂತೆ.

“ಮುದಿ ಕೀಲಿಗೆ ದಪ್ಪ ಎಣ್ಣಿ ಬೇಕ್ರಿ ಸರ. ನಮ್ಮಪ್ಪನ ಮೊಣಕಾಲಿಗೆ ನಾ ಹಂಗ ಮಾಡಿದ್ದೆ.”

“ಈಗ ಹೆಂಗದಾರ ನಿಮ್ಮಪ್ಪಾರು?”

“ಮೊಣಕಾಲು ಛಲೋ ಇತ್ರಿ, ಪಾಪ. ಅವರ ಹ್ವಾದ್ರು.”

ಬಿಂದುಮಾಧವ ಕಮರಿಪೇಟೆಯ ಫಿರದೋಸಳಿಗೆ ಫೋನು ಹಚ್ಚಿದ. ಅಪ್ಪನ ಗ್ಯಾರೇಜನ್ನು ಅಪ್ಪನಿಗಿಂತ ಜೋರಾಗಿ ನಡೆಸುವ ಹುಡುಗಿ. ಅವಳು ಒದರಿದ್ದು ಓಣಿಗೆಲ್ಲ ಕೇಳಿಸಿತು: “ಮೊದಲ ಬಂದ್ ಮಾಡ್ರಿ ಅಣ್ಣಾರ! ಚಾಲೂ ಇಟ್ರ ಎಂಜಿನ್ ಹಿಡ್ಕೊಂಡ ಬಿಡತೈತಿ. ಎಳಕೊಂಡು ಬರ್ರಿ!”

ಆಟೋ ಬಂತು. ಹಗ್ಗ ಕೊಟ್ಟವನು ಉದಯಕುಮಾರ. ಅವಸರದಲ್ಲಿ ಬಿಚ್ಚಿ ತಂದದ್ದು ಬಟ್ಟೆ ಒಣಹಾಕುವ ಹಗ್ಗ. ಅದಕ್ಕೆ ಕ್ಲಿಪ್ಪು ಹಾಕಿದ ಅವನದೇ ಬನಿಯನ್ನು ಧ್ವಜದಂತೆ ಹಾರುತ್ತಿರಲು, ಮೆರವಣಿಗೆ ಕಮರಿಪೇಟೆ ತಲುಪುವಷ್ಟರಲ್ಲಿ ಹಗ್ಗ ಮೂರು ಸಲ ಹರಿಯಿತು. ಹರಿದಾಗಲೆಲ್ಲ ನಾಲ್ಕು ಮಂದಿ ಕೂಡಿದರು, ಆರು ಸಲಹೆ ಕೊಟ್ಟರು.

ಫಿರದೋಸ ಕಾರಿನಡಿ ನುಸುಳಿ ಎಣ್ಣೆಯ ತಟ್ಟೆ ಬಿಚ್ಚಿದಳು. ಎಣ್ಣೆ ಸುರಿಯಲಿಲ್ಲ, ಹೋಳಿಗೆಯ ಹೂರಣದಂತೆ ಕಪ್ಪು ಮುದ್ದೆ ಥಪ್ಪೆಂದು ಬಿತ್ತು. ಎಣ್ಣೆ ಹೀರುವ ಜಾಳಿಗೆಯ ತೂತುಗಳೆಲ್ಲ ಮೆತ್ತಿಕೊಂಡಿದ್ದವು.

“ಎಣ್ಣಿ ಬದಲಿ ಮಾಡಿ ಎಷ್ಟ ದಿನ ಆತ್ರಿ?”

“ಮೊನ್ನೆ… ಅಂದ್ರ, ಚಿನ್ಮಯೀ ಹತ್ತನೇ ಕ್ಲಾಸಿನ್ಯಾಗ ಇದ್ದಾಗ.”

“ಈಗ?”

“ಬಿ.ಎ. ಎರಡನೇ ವರ್ಷ.”

ಫಿರದೋಸ ನಿಟ್ಟುಸಿರುಬಿಟ್ಟು ಮುದ್ದೆಯನ್ನು ಮೂಸಿ ನೋಡಿದಳು. ಹುಬ್ಬು ಗಂಟಿಕ್ಕಿತು. “ಅಣ್ಣಾರ, ಇದ್ರಾಗ ಎಳ್ಳೆಣ್ಣಿ ವಾಸನಿ ಬರಾಕತ್ತೈತಿ!”

“ಮುಂಜಾನೆ ಎಣ್ಣೆ ಹಚ್ಕೊಂಡು ಎರಕೊಂಡೇನಿ. ನಂದ ಇರಬೇಕು,” ಎಂದ ಬಿಂದುಮಾಧವ ನಾಚಿಕೊಂಡು.

ಜಾಳಿಗೆ ಡೀಸೆಲ್ಲಿನಲ್ಲಿ ಮಿಂದಿತು. ಹೊಸ ಫಿಲ್ಟರು, ಹೊಸ ಎಣ್ಣೆ. ಮೂರೂವರೆಗೆ ಕೀಲಿ ತಿರುವಿದರೆ ಕೆಂಪು ಬೆಳಕು ಒಮ್ಮೆ ಮಿಂಚಿ ಆರಿಹೋಯಿತು! ಖಾರ ಕುಟ್ಟುವ ಸದ್ದೂ ನಿಂತು, ಎಂಜಿನ್ನು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ಬಿಂದುಮಾಧವನಿಗೆ ಕಾರನ್ನೇ ತಬ್ಬಿಕೊಳ್ಳಬೇಕೆನಿಸಿತು. ಟ್ರಯಲ್ ನೋಡಲು ಫಿರದೋಸಳೂ ಜೊತೆಗೇ ಗೋಪನಕೊಪ್ಪಕ್ಕೆ ಬಂದಳು.

ಬಿಂದುಮಾಧವ ಅಂಗಿ ಬದಲಿಸಲು ಒಳಗೋಡಿದ. ಫಿರದೋಸಳನ್ನು ವೃಂದಾ ಚಹಾಕ್ಕೆ ಕರೆದಳು. ಮೂವರೂ ಹೊರಬಂದಾಗ ಮೌಶಿ ಇಳಕಲ್ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಕಾರು ಚಾಲೂ ಆಯಿತು. ಮೌಶಿ ಹನುಮಂತನಿಗೆ ಕೈ ಮುಗಿದವಳು ಹೌಹಾರಿ ಬಾಗಿಲು ತೆಗೆದಳು.

“ಬಿಂದ್ಯಾ! ದೇವರ ಮುಂದಿನ ದೀಪ ಯಾರು ಆರಿಸಿದ್ರೋ?”

“ಯಾವ ದೀಪ ಮೌಶಿ?”

“ಹಣಮಪ್ಪನ ಕಾಲಾಗಿಂದು! ಒಂದ ತಿಂಗಳಾತು, ನಾ ಕೂತು ಕೈ ಮುಗದಾಗೆಲ್ಲ ತಾನ ಹತ್ತತಿತ್ತು. ಅದು ಹತ್ತಿದ ಮ್ಯಾಲೇನ ನಮ್ಮ ಚಿನ್ನೂಗ ಹಾಡಾಕ ಕರಿ ಬಂತು. ಇವತ್ತ ಆರ್ಯದ ಅಂದ್ರ ನಾ ಈ ಗಾಡ್ಯಾಗ ಕೂಡಂಗಿಲ್ಲ. ಹುಡುಗಿ ದನೀಗೆ ಏನರೆ ಆದ್ರ?”

ವೃಂದಾ ಗಡಿಯಾರ ನೋಡಿದಳು. ನಾಲ್ಕೂ ಹತ್ತು. ಬಿಂದುಮಾಧವ ಎಣ್ಣೆಯ ಒತ್ತಡದ ಪಾಠ ಶುರು ಮಾಡಿದ. ಮೌಶಿ ಇಳಿದು ಕಟ್ಟೆಯ ಮೇಲೆ ಕೂತೇಬಿಟ್ಟಳು.

“ತಂಗಿ, ಏನರೆ ಮಾಡವಾ,” ಎಂದು ಅವನು ಫಿರದೋಸಳತ್ತ ಅಳುಮೋರೆ ಮಾಡಿದ.

ಫಿರದೋಸ ನಗು ನುಂಗುತ್ತ ಬಾನೆಟ್ ಎತ್ತಿ, ಎಂಜಿನ್ನಿನ ಬದಿಯ ಒಂದು ವಯರು ಕಿತ್ತು ಕಬ್ಬಿಣಕ್ಕೆ ಬಿಗಿದಳು. ಕೆಂಪು ಎಣ್ಣೆಗಿಂಡಿ ಜಗ್ಗನೆ ಹತ್ತಿತು.

“ಇನ್ನ ಇದು ಆರಂಗಿಲ್ರಿ ಮೌಶಿ. ನಂದಾದೀಪ!” ಎಂದವಳು, ಬಿಂದುಮಾಧವನ ಕಿವಿಯಲ್ಲಿ ಪಿಸುಗುಟ್ಟಿದಳು: “ಖರೇನ ಒತ್ತಡ ಬಿದ್ರೂ ಇನ್ನ ನಿಮಗ ಗೊತ್ತಾಗಂಗಿಲ್ಲ ಅಣ್ಣಾರ. ಹುಷಾರು. ಎಣ್ಣಿ ಒಂದ ಚೊಕ್ಕ ಇಟ್ಕೋರಿ, ಸಾಕು.”

ಕಾರು ಗಾಳಿಯಂತೆ ಹೊರಟಿತು. ರಾಯಾಪುರ ಬಂತು, ದಾಟಿತು! ಹೂಕೋಸಿನ ಅಪಕೀರ್ತಿ ತೊಳೆದುಹೋಯಿತು. ಹಿಂದಿನ ಸೀಟಿನಿಂದ ವೃಂದಾ ಕೂಡ ಮೆಚ್ಚಿ, “ಇರ್ಲಿ ಬಿಡ್ರಿ, ಗಾಡಿ ಮಾರೂದು ಬ್ಯಾಡ,” ಎಂದಳು.

“ಮಾರೂದೇನು!” ಮೌಶಿ ದೀಪವನ್ನು ಕಣ್ಣಿಗೊತ್ತಿಕೊಂಡಳು. “ನಾ ಇರೂತನಕ ಎಣ್ಣಿಗೆ ಕಡಿಮಿ ಮಾಡಂಗಿಲ್ಲ. ಬಾನೆಟ್ಟಿನ ಒಳಗಿನ ಮುಚ್ಚಳದ ಮ್ಯಾಲೂ ಇದ ದೀಪದ ಚಿತ್ರ ಅದ ನೋಡು. ಶನಿವಾರಕ್ಕೊಮ್ಮೆ ಒಂದ ಬಟ್ಟಲ ಎಳ್ಳೆಣ್ಣಿ ಹಾಕ್ತೇನಿ. ಆ ಉದಯಕುಮಾರ ಪಾಪ ಎಷ್ಟ ಛಲೋ ಹುಡುಗ, ತಾನ ಮುಚ್ಚಳ ತಗದು ಕೊಡ್ತಾನ.”

ಬಿಂದುಮಾಧವನ ಕಾಲು ತಾನಾಗಿ ಬ್ರೇಕಿನ ಮೇಲೆ ಬಂತು.

“ಇವತ್ತು… ಇವತ್ತೂ ಹಾಕಿದ್ಯೇನ ಮೌಶಿ?”

“ಇವತ್ತ ಕಛೇರಿ ಅಲ್ಲೇನೋ? ನೀ ಅಂಗಿ ಹಾಕ್ಕೊಳೂದ್ರಾಗ ಎರಡ ಬಟ್ಟಲ ಹಾಕೇನಿ.”